‘ಇಲ್ಲ’ದಿಂದ ಶುರುವಾಗುವ ‘ಉಂಟು’

ನಮ್ಮ ಧನಿಗಳು ದೇವರಿಗೆ ಕೈ ಮುಗಿಯುತ್ತಾರೆ, ಬ್ಯಾಂಕ್ ಮ್ಯಾನೇಜರಿಗೆ ನಗು ಕೊಡುತ್ತಾರೆ, ಎಐ ಎಂದು ಯಾರಾದರೂ ಹೇಳಿದರೆ ಮಾತ್ರ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ಅವರದ್ದು ಪುತ್ತೂರಿನಲ್ಲಿ ಕಾರಿನ ಶೋರೂಮು. ಸುಳ್ಯದಲ್ಲೊಂದು ಸರ್ವಿಸ್ ಶೆಡ್ಡು, ಕಡಬದಲ್ಲೊಂದು ಸಣ್ಣ ಬ್ರಾಂಚು. ನಾನು ಪುತ್ತೂರಿನಲ್ಲಿ ಬಾಗಿಲಿನ ಎದುರೇ ಕೂತು ಫೋನ್ ಎತ್ತುವವಳು. ಬಂದವರಿಗೆ ನೀರು ಬೇಕಾ ಕೇಳುವುದು, ಕಾರಿನೊಳಗೆ ಕೂತು ಹಾರ್ನ್ ಒತ್ತುವ ಮಕ್ಕಳನ್ನು ಉಪಾಯದಿಂದ ಇಳಿಸುವುದು, ಫೋನಿನಲ್ಲಿ ‘ಮೈಲೇಜ್ ಎಷ್ಟು’ ಎಂದವರಿಗೆ ಒಂದು ಸಂಖ್ಯೆಯನ್ನೂ ಅದರ ಹಿಂದೆಯೇ ಒಂದು ಕೆಮ್ಮನ್ನೂ ಕೊಡುವುದು, ಇದು ನನ್ನ ದಿನಚರಿ.

ಧನಿಗಳಿಗೆ ಎಐ ಭಕ್ತಿ ಹುಟ್ಟಿದ್ದು ಒಂದು ಮದುವೆಯ ಪಂಕ್ತಿಯಲ್ಲಿ. ಪಕ್ಕದ ಎಲೆಯಲ್ಲಿ ಕೂತ ಬೆಳ್ಳಾರೆಯ ಸಂಬಂಧಿಕರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ತಾವು ಹೊಸ ಕಾರು ತೆಗೆದದ್ದನ್ನು ಹೇಳಿದರಂತೆ. ಎಲ್ಲಿಂದ? ಮಂಗಳೂರಿನಿಂದ. ಯಾಕೆ? “ನಮ್ಮ ಹತ್ತಿರದಲ್ಲಿ ಈ ಕಾರು ಎಲ್ಲಿ ಸಿಗ್ತದೆ ಅಂತ ಫೋನಿನ ಹತ್ರ ಕೇಳಿದೆ. ಅದು ಮಂಗಳೂರಿನ ಹೆಸ್ರು ಹೇಳಿತು. ನಿಮ್ಮದು ಹೇಳ್ಲೇ ಇಲ್ಲ ಮಾರಾಯ್ರೆ!” ಧನಿಗಳು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದರು ಎಂದು ಅವರ ಡ್ರೈವರು ಹೇಳಿದ. ಅವರ ಸಕ್ಕರೆ ಕಾಯಿಲೆಗೆ ಅದು ಒಳ್ಳೆಯದೇ ಆಯಿತೆನ್ನಿ.

ಮೊದಲಾದರೆ ಜನ ಹುಡುಕಿದಾಗ ಹತ್ತು ಅಂಗಡಿಗಳ ಹೆಸರು ಬರುತ್ತಿತ್ತು, ನಮ್ಮದು ಏಳನೆಯದಾದರೂ ಬೆರಳು ಅಲ್ಲಿಯವರೆಗೆ ಇಳಿಯುತ್ತಿತ್ತು. ಈಗ ಬಾಯಿಬಿಟ್ಟು ಕೇಳುತ್ತಾರೆ, ಅದು ಒಂದೇ ಉತ್ತರ ಕೊಡುತ್ತದೆ, ಕೇಳಿದವರು ತಲೆಯಾಡಿಸಿ ಹೊರಡುತ್ತಾರೆ. ಆ ಉತ್ತರದಲ್ಲಿ ಇಲ್ಲದವನು ಊರಿನಲ್ಲೇ ಇಲ್ಲ.

ಇದರ ಬಿಸಿ ಹೆಚ್ಚು ತಾಗಿದ್ದು ಕಡಬಕ್ಕೆ. ಅಲ್ಲಿನ ಬ್ರಾಂಚು ಎಂದರೆ ಹೊರಗೊಂದು ಕಾರು, ಒಳಗೊಂದು ಮೇಜು, ಮತ್ತು ಇಚಿಲಂಪಾಡಿಯಿಂದ ಸ್ಕೂಟರಿನಲ್ಲಿ ಬರುವ ಒಬ್ಬ ಹೆಂಗಸು. ಬಾಗಿಲು ತೆಗೆಯುವವಳೂ ಅವಳೇ, ಕಾರು ಒರೆಸುವವಳೂ ಅವಳೇ, ಟೆಸ್ಟ್ ಡ್ರೈವ್‌ಗೆ ಪಕ್ಕದ ಸೀಟಿನಲ್ಲಿ ಕೂತು ಜೀವ ಕೈಯಲ್ಲಿ ಹಿಡಿಯುವವಳೂ ಅವಳೇ. ನನ್ನನ್ನು ಅಕ್ಕ ಎನ್ನುತ್ತಾಳೆ. ಮಳೆಗಾಲ ಮುಗಿಯುವುದರೊಳಗೆ ಅಲ್ಲಿಗೆ ಜನ ಬರದಿದ್ದರೆ ಬ್ರಾಂಚು ಮುಚ್ಚುವುದೆಂದು ಧನಿಗಳು ಹೇಳಿದ್ದರು. ಅವಳಿಗೆ ಪುತ್ತೂರಿನಲ್ಲಿ ಕುರ್ಚಿ ಕೊಡುತ್ತೇನೆ ಎಂದೂ ಸೇರಿಸಿದ್ದರು, ದೊಡ್ಡ ಉಪಕಾರದ ಮುಖ ಮಾಡಿಕೊಂಡು.

“ಪುತ್ತೂರಿಗೆ ಬಂದ್ರೆ ನಾನು ದನ ಮಾರುದೇ ಅಕ್ಕ,” ಎಂದಳು ಅವಳು ಫೋನಿನಲ್ಲಿ. “ಬೆಳಿಗ್ಗೆ ಸೊಸೈಟಿಗೆ ಹಾಲು ಕೊಟ್ಟು ಬಸ್ಸು ಹಿಡಿಯುದು ಹೇಗೆ? ಸಂಜೆ ಕರೆಯುದು ಯಾರು, ಧನಿಗಳು ಬರ್ತಾರಾ?”

“ಅವರು ಬಂದ್ರೆ ದನವೇ ಬಿಟ್ಟು ಓಡ್ತದೆ.”

“ನೀವು ನಗಾಡ್ಬೇಡಿ ಅಕ್ಕ. ನನಗೆ ಮಂಡೆ ಬಿಸಿ ಆಗಿದೆ.”

ಅವಳ ಮಂಡೆ ತಣ್ಣಗಾಗಬೇಕಾದರೆ ಕಡಬದ ಹೆಸರು ಆ ಯಂತ್ರದ ಬಾಯಿಯಲ್ಲಿ ಬರಬೇಕು. ಅದಕ್ಕಾಗಿ ಮಂಗಳೂರಿನಿಂದ ಒಬ್ಬರು ತಜ್ಞರು ಬಂದರು. ನಲವತ್ತರ ಆಸುಪಾಸು, ಬೋಳು ತಲೆ, ಹೆಗಲಿಗೆ ಎರಡು ಬ್ಯಾಗು. ನಮ್ಮ ಹಳೆಯ ವೆಬ್‌ಸೈಟನ್ನು ತೆರೆದು, ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ನೋಡಿ, ನಾಲಗೆಯಲ್ಲಿ ‘ಚ್ಚು ಚ್ಚು’ ಮಾಡಿದರು. ದೀಪಾವಳಿ ಆಫರು, ವಿಳಾಸ, ಸಮಯ ಎಲ್ಲವೂ ಪೋಸ್ಟರಿನ ಚಿತ್ರದೊಳಗೆ ಅಂಟಿಕೊಂಡಿತ್ತು. ಚಿತ್ರ ನಮಗೆ ಚಂದ, ಯಂತ್ರಕ್ಕೆ ಅದು ಬರೀ ಗೋಡೆಯಂತೆ. ವಿಳಾಸವನ್ನು ಮೂರು ಕಡೆ ಮೂರು ತರ ಬರೆದಿದ್ದೆವು. ಪುತ್ತೂರು ಎಂದಷ್ಟೇ ಇದ್ದುದರಿಂದ ಯಂತ್ರ ನಮ್ಮನ್ನು ಆಂಧ್ರದ ಪುತ್ತೂರಿನಲ್ಲಿ ಕೂರಿಸಿತ್ತು. ಆಗ ನನಗೆ ತಿಳಿಯಿತು, ಒಬ್ಬರು ತೆಲುಗಿನಲ್ಲಿ ಫೋನ್ ಮಾಡಿ ನನ್ನನ್ನು ಯಾಕೆ ಅಷ್ಟೊಂದು ಪ್ರೀತಿಯಿಂದ ಮಾತನಾಡಿಸಿದ್ದರೆಂದು.

“ಜನ ಹೇಗೆ ಕೇಳ್ತಾರೋ ಹಾಗೇ ಪ್ರಶ್ನೆ, ನೀವು ಹೇಗೆ ಹೇಳ್ತೀರೋ ಹಾಗೇ ಉತ್ತರ. ಅಂಥ ಒಂದು ಪುಟ ಬೇಕು,” ಎಂದರು ತಜ್ಞರು. “ಇಂಗ್ಲಿಷಿನದ್ದು ನಾನು ಮಾಡ್ತೇನೆ. ಕನ್ನಡದ್ದು ನೀವೇ ಬರೆಯಿರಿ. ಸಹಜವಾಗಿರಲಿ.”

ಆ ಕೊನೆಯ ಮಾತನ್ನು ಅವರು ಹೇಳಬಾರದಿತ್ತು.

ಹೊಸ ವೆಬ್‌ಸೈಟ್ ಶುರುವಾಗುವ ಮೊದಲು ಶೋರೂಮಿನಲ್ಲಿ ಗಣಹೋಮ ಆಯಿತು. ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದರು. ಭಟ್ಟರು ಅದಕ್ಕೂ ಅಕ್ಷತೆ ಹಾಕಿದರು. ಒಂದು ಅಕ್ಕಿಕಾಳು ಕೀಬೋರ್ಡಿನ ಎಲ್ ಅಕ್ಷರದ ಅಡಿಗೆ ಹೋಗಿ ಕೂತು, ಆಮೇಲೆ ಆ ಕೀ ಒತ್ತಿದಾಗಲೆಲ್ಲ ಕರಕರ ಎನ್ನತೊಡಗಿತು. ವಿಘ್ನ ನಿವಾರಣೆಗೆಂದು ಮಾಡಿದ ಹೋಮದಿಂದ ನಮಗೆ ಸಿಕ್ಕಿದ್ದು ಪಂಚಕಜ್ಜಾಯ ಮತ್ತು ಈ ಒಂದು ವಿಘ್ನ.

ಮರುದಿನ ಧನಿಗಳು ನನ್ನ ಮೇಜಿನ ಪಕ್ಕ ಕುರ್ಚಿ ಎಳೆದು ಕೂತರು. ಪ್ರಶ್ನೆಗಳು ನನ್ನವು, ಫೋನಿನಲ್ಲಿ ಕೇಳಿ ಕೇಳಿ ಬಾಯಿಪಾಠವಾದವು. ಉತ್ತರ ಅವರದ್ದು. “ನಾನು ಹೇಳಿದ ಹಾಗೇ ಟೈಪ್ ಮಾಡಿ. ಒಂದಕ್ಷರ ಆಚೆ ಈಚೆ ಆಗ್ಬಾರ್ದು. ಸಹಜ ಇರ್ಬೇಕು ಅಂತ ಅವ್ರೇ ಹೇಳಿದ್ದಲ್ವಾ?”

ನಾನು ಓದಿದೆ. “ಕಡಬದಲ್ಲಿ ನಿಮ್ಮ ಬ್ರಾಂಚ್ ಉಂಟಾ?”

“ಇಲ್ಲ, ಉಂಟಲ್ಲ! ಧೈರ್ಯದಲ್ಲಿ ಬನ್ನಿ.”

ಟೈಪ್ ಮಾಡಿದೆ.

“ಹಳೆ ಕಾರು ಎಕ್ಸ್‌ಚೇಂಜಿಗೆ ತಗೊಳ್ತೀರಾ?”

“ಇಲ್ಲ, ತಗೊಳ್ತೇವಲ್ಲ.”

“ಸುಳ್ಯದಲ್ಲಿ ಸರ್ವಿಸಿಗೆ ಬಿಟ್ರೆ ಅದೇ ದಿನ ಸಿಗ್ತದಾ?”

“ಇಲ್ಲ ಇಲ್ಲ, ಅದಕ್ಕೆಂತ ತೊಂದ್ರೆ ಇಲ್ಲ, ಕೊಡುವ.”

ಒಂದೊಂದು ‘ಲ್ಲ’ಕ್ಕೂ ಅಕ್ಕಿಕಾಳು ಸುಮ್ಮನಾಗದೆ ಕರಕರ ಎನ್ನುತ್ತಲೇ ಇತ್ತು. ನಾನಾದರೂ ಗಮನಿಸಿದೆನೇ? ಇಲ್ಲ. ಓದಿ ನೋಡಿದ ಶೋರೂಮಿನವರೆಲ್ಲ ‘ಲಾಯಕ್ ಆಗಿದೆ, ಧನಿಗಳೇ ಮಾತಾಡಿದ ಹಾಗೆ ಉಂಟು’ ಎಂದರು. ತಜ್ಞರು ಮಂಗಳೂರಿನಿಂದಲೇ ಪುಟವನ್ನು ವೆಬ್‌ಸೈಟಿಗೆ ಏರಿಸಿದರು. ಅವರು ನಮ್ಮ ಕಡೆಯವರೇ, ಅವರಿಗೂ ಏನೂ ಅನ್ನಿಸಲಿಲ್ಲ.

ಅದರ ನಂತರ ಕಡಬಕ್ಕೆ ಮೊದಲು ಬರುತ್ತಿದ್ದ ಒಬ್ಬಿಬ್ಬರೂ ಬರುವುದು ನಿಂತಿತು.

“ಅಕ್ಕ, ನಿಮ್ಮ ಎಐ ಬಂದ ಮೇಲೆ ನನ್ನನ್ನು ನಾಯಿಯೂ ಮೂಸುದಿಲ್ಲ,” ಎಂದಳು ಕಡಬದವಳು. “ಗಣಹೋಮದ ಹೊಗೆ ಹೆಚ್ಚಾಯ್ತೋ ಏನೋ.”

ಒಂದು ದಿನ ಕಡಬದಿಂದಲೂ ಆಚೆಯ ನೆಟ್ಟಣದಿಂದ ಗಂಡ ಹೆಂಡತಿ ಪುತ್ತೂರಿಗೆ ಬಂದರು. ದಾರಿಯ ಧೂಳು, ಬೆವರು, ಹೆಂಡತಿಯ ಮುಖದಲ್ಲಿ ಸಿಟ್ಟು. ನೀರು ಕೊಟ್ಟು, ಕಡಬದಲ್ಲೇ ನಮ್ಮ ಬ್ರಾಂಚು ಇತ್ತಲ್ಲ ಎಂದೆ.

“ಬೋರ್ಡು ಕಂಡಿತು,” ಎಂದರು ಗಂಡ. “ಆದ್ರೆ ಫೋನಿನ ಹತ್ರ ಕೇಳಿದ್ರೆ, ಕಡಬದಲ್ಲಿ ಅವರದ್ದು ಇಲ್ಲ ಅಂತ ಹೇಳಿತು. ಹಳೆ ಬೋರ್ಡು ಆಗಿರ್ಬೇಕು ಅಂತ ಎಣಿಸಿದೆ.”

“ನಾನು ಹೇಳಿದೆ, ಒಳಗೆ ಲೈಟು ಉರೀತಾ ಉಂಟು ಅಂತ,” ಎಂದರು ಹೆಂಡತಿ. “ಇವರಿಗೆ ನನ್ನ ಕಣ್ಣಿಗಿಂತ ಫೋನೇ ದೊಡ್ಡದು.”

ಧನಿಗಳಿಗೆ ಹೇಳಿದೆ. ಅವರು ತಜ್ಞರಿಗೆ ಫೋನ್ ಮಾಡಿ ಸಮಾ ಬೈದರು. ತಜ್ಞರು ಪರಿಶೀಲಿಸಿ, ಎಲ್ಲ ಸರಿ ಇದೆ, ಯಂತ್ರ ನಮ್ಮ ಪುಟವನ್ನು ಓದುತ್ತಲೂ ಇದೆ ಎಂದರು. ಓದಿಯೂ ಇಲ್ಲ ಎನ್ನುತ್ತದೆಂದರೆ ಏನರ್ಥ? ಅದೃಷ್ಟ ಸರಿ ಇಲ್ಲ ಎಂದರ್ಥ ಎಂದು ತೀರ್ಮಾನಿಸಿದ ಧನಿಗಳು, ಬ್ರಾಂಚು ಮುಚ್ಚುವ ಮಾತನ್ನು ಎದುರೇ ಹೇಳಿಬಿಡುವಾ ಎಂದು ಕಡಬಕ್ಕೆ ಹೊರಟರು. ಹೆಂಗಸಿನ ಎದುರು ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಹತ್ತಿಸಿಕೊಂಡರು.

ಕಡಬದವಳಿಗೆ ವಿಷಯದ ವಾಸನೆ ಹೊಡೆದಿತ್ತು. ಚಹಾ ತರಿಸಿದಳು, ಧನಿಗಳಿಗೆ ಸಕ್ಕರೆ ಹಾಕದ್ದನ್ನೇ ತರಿಸಿದಳು. ಅವರು ಎರಡು ಗುಟುಕು ಕುಡಿದು, “ನೋಡು, ನಾನು ಮಾಡುದೆಲ್ಲ ಮಾಡಿದೆ…” ಎಂದು ಶುರು ಮಾಡಿದರು.

“ಮುಚ್ಚುದಾದ್ರೆ ಮುಚ್ಚಿ. ಅದಕ್ಕಿಂತ ಮೊದ್ಲು ನನ್ನ ಎದ್ರು ಒಮ್ಮೆ ಅದ್ರ ಹತ್ರ ಕೇಳಿ,” ಎಂದಳು ಅವಳು. “ನಾನು ಇಲ್ಲಿ ಕೂತಿದ್ದೇನೆ, ಕಾರು ನಿಂತಿದೆ, ನೀವು ಚಹಾ ಕುಡೀತಿದ್ದೀರಿ. ಯಾವ ಬಾಯಲ್ಲಿ ಇಲ್ಲ ಅಂತ ಹೇಳ್ತದೆ, ಕೇಳ್ವ.”

ಧನಿಗಳು ಫೋನ್ ತೆಗೆದು, ದೇವಸ್ಥಾನದಲ್ಲಿ ಪ್ರಾರ್ಥನೆ ಹೇಳುವ ಸ್ವರದಲ್ಲಿ ಕೇಳಿದರು. ಹೆಣ್ಣು ಸ್ವರವೊಂದು ಅಚ್ಚುಕಟ್ಟಾದ ಕನ್ನಡದಲ್ಲಿ, ಸಂಸ್ಥೆಯ ಜಾಲತಾಣದ ಪ್ರಕಾರ ಕಡಬದಲ್ಲಿ ಅವರ ಶಾಖೆ ಇಲ್ಲ ಎಂದಿತು.

ಧನಿಗಳಿಗೆ ತಡೆಯಲಾಗಲಿಲ್ಲ. “ಇಲ್ಲ ಮಾರಾಯ್ತಿ, ಉಂಟಲ್ಲ!” ಎಂದು ಬೊಬ್ಬೆ ಹಾಕಿದರು.

“ಇಲ್ಲ ಎಂದು ಖಚಿತಪಡಿಸಿದ್ದಕ್ಕೆ ಧನ್ಯವಾದಗಳು,” ಎಂದಿತು ಫೋನು.

ನನ್ನ ಬಾಯಿಯಲ್ಲಿದ್ದ ಚಹಾ ಮೂಗಿಗೆ ಹತ್ತಿತು. ನಾನೇ ಟೈಪ್ ಮಾಡಿದ ಪುಟವಿಡೀ ಕಣ್ಣೆದುರು ಬಂತು, ಇಲ್ಲ, ಇಲ್ಲ, ಇಲ್ಲ ಇಲ್ಲ ಎಂದು ಸಾಲಾಗಿ. ‘ಉಂಟಲ್ಲ’ ಎಂಬಲ್ಲಿ ಇರುವ ಒಂದೇ ಒಂದು ‘ಉಂಟು’ವಿನ ಬಾಲದಲ್ಲೂ ಒಂದು ‘ಅಲ್ಲ’.

“ಅದು ಸಮ ಓದಿದೆ ಧನಿಗಳೇ,” ಎಂದೆ. “ನಾವೇ ಇಲ್ಲ ಅಂತ ಬರ್ದಿದ್ದೇವೆ.”

“ಎಲ್ಲಿ? ನಾನು ಉಂಟು ಅಂತಲೇ ಹೇಳಿದ್ದು.”

“ಅದಕ್ಕಿಂತ ಮೊದ್ಲು ಇಲ್ಲ ಅಂತ ಹೇಳಿದ್ರಿ.”

“ಇಲ್ಲ, ನಾನು ಹೇಳ್ಲಿಲ್ಲ,” ಎಂದವರು ಅಲ್ಲಿಗೇ ನಿಂತು, ತಮ್ಮ ಬಾಯಿಗೆ ತಾವೇ ಕೈ ಅಡ್ಡ ಹಿಡಿದರು.

ಕಡಬದವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಹಾಗಾದ್ರೆ ನನ್ನ ಹೊಟ್ಟೆಗೆ ಹೊಡೆದದ್ದು ಎಐ ಅಲ್ಲ, ನಿಮ್ಮ ನಾಲಗೆ. ದನ ಮಾರ್ಲಿಕ್ಕೆ ನಾನು ಗಿರಾಕಿಯನ್ನೂ ನೋಡಿ ಆಗಿತ್ತು, ಗೊತ್ತುಂಟಾ?”

ಧನಿಗಳು ಆ ಚಹಾವನ್ನು ಕೊನೆಯ ಹನಿಯವರೆಗೂ ಕುಡಿದರು. ಮುಚ್ಚುವ ಮಾತು ಅಂದು ಬಾಯಿಗೆ ಬರಲಿಲ್ಲ. ಹಾಗೆಂದು ಮುಚ್ಚುವುದಿಲ್ಲ ಎಂದೂ ಹೇಳಲಿಲ್ಲ. “ಆ ಪುಟ ಸರಿ ಮಾಡುವ, ಜನ ಬರ್ತಾರಾ ನೋಡುವ,” ಎಂದಷ್ಟೇ.

ಪುತ್ತೂರಿಗೆ ಮರಳಿ ಪುಟವನ್ನು ಮತ್ತೆ ಬರೆದೆ. ‘ಹೌದು. ಕಡಬ ಪೇಟೆಯಲ್ಲಿ ನಮ್ಮ ಶಾಖೆ ಇದೆ.’ ‘ಹೌದು. ಹಳೆಯ ಕಾರನ್ನು ವಿನಿಮಯಕ್ಕೆ ತೆಗೆದುಕೊಳ್ಳುತ್ತೇವೆ.’ ಜೊತೆಗೆ ತೆರೆಯುವ ಸಮಯ, ಯಾವ ಕಟ್ಟಡ, ಯಾವ ಜಿಲ್ಲೆಯ ಪುತ್ತೂರು, ಎಲ್ಲವನ್ನೂ. ಧನಿಗಳು ಓದಿ ಮುಖ ಹುಳಿ ಮಾಡಿದರು. “ಇದೆಂತ, ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಹಾಗೆ ಉಂಟು. ಮನುಷ್ಯರು ಹೀಗೆ ಮಾತಾಡುದಾ?”

ಅವರದ್ದೂ ಸುಳ್ಳಲ್ಲ. ಉಂಟಾ ಎಂದು ಕೇಳುವವರ ದನಿಯಲ್ಲಿ ಇಲ್ಲವೇನೋ ಎಂಬ ಹೆದರಿಕೆ ಇರುತ್ತದೆ. ನಾವು ಮೊದಲು ಉತ್ತರ ಕೊಡುವುದು ಆ ಹೆದರಿಕೆಗೆ: ಇಲ್ಲ, ಹಾಗೆಲ್ಲ ಏನಿಲ್ಲ. ಆಮೇಲೆ ಪ್ರಶ್ನೆಗೆ: ಉಂಟು. ಮನೆಗೆ ಬಂದವರು ಅನ್ನ ಇದೆಯಾ ಎಂದರೂ ನನ್ನ ಅತ್ತೆ “ಇಲ್ಲ, ಬೇಕಾದಷ್ಟುಂಟು” ಎನ್ನುತ್ತಿದ್ದರು, ಯಾರೂ ಹಸಿದು ಎದ್ದು ಹೋಗಿರಲಿಲ್ಲ. ಯಂತ್ರಕ್ಕೆ ಹೆದರಿಕೆ ಕೇಳಿಸುವುದಿಲ್ಲ, ಪ್ರಶ್ನೆ ಮಾತ್ರ ಕೇಳಿಸುತ್ತದೆ. ಅದರ ತಪ್ಪೆಂದು ನಾನು ಹೇಳಲಾರೆ. ಸಾವಿರ ಊರುಗಳ ಉತ್ತರ ಕೊಡುವ ಪ್ರಾಣಿಗೆ ಕಡಬದ ಸಂಕೋಚ ಎಲ್ಲಿಂದ ಗೊತ್ತಾಗಬೇಕು?

ಅದು ತಿದ್ದಿಕೊಳ್ಳಲು ಕೆಲವು ವಾರ ಹಿಡಿಯಿತು. ನಾನು ದಿನಾ ಬೆಳಿಗ್ಗೆ ಕೀ ಗೊಂಚಲು ಮೇಜಿನ ಮೇಲಿಟ್ಟ ಕೂಡಲೇ ಅದರ ಹತ್ತಿರ ಕೇಳುತ್ತಿದ್ದೆ. ಒಂದು ದಿನ ಅದು ಕಡಬದ ಶಾಖೆಯ ಸಮಯವನ್ನೂ ಸೇರಿಸಿ ಹೇಳಿತು. ಕಡಬದವಳಿಗೆ ಫೋನ್ ಮಾಡಿದರೆ, “ಗೊತ್ತುಂಟು ಅಕ್ಕ, ಇಲ್ಲೇ ಪಕ್ಕದ ಆಲಂಕಾರಿನವರು ಒಬ್ರು ಅದನ್ನೇ ಕೇಳಿ ಬಂದಿದ್ದಾರೆ, ಆಮೇಲೆ ಮಾಡಿ,” ಎಂದು ಇಟ್ಟಳು.

ಆಲಂಕಾರಿನವರು ಕಾರು ಬುಕ್ ಮಾಡಿದರು. ಅವರ ಹಿಂದೆ ಬೇರೆಯವರೂ ಬರತೊಡಗಿದರು. ಎಲ್ಲರೂ ಕೊಳ್ಳಲಿಲ್ಲ, ಕೆಲವರು ಫ್ಯಾನಿನಡಿ ಕೂತು ಎದ್ದು ಹೋದರು. ಮಳೆ ಹಿಂದೆ ಸರಿಯುವ ಹೊತ್ತಿಗೆ ಧನಿಗಳು ನನ್ನ ಮೇಜಿನ ಎದುರು ನಿಂತು, ಬಾಗಿಲಿನ ಕಡೆ ನೋಡುತ್ತಾ, “ಕಡಬ ಇರ್ಲಿ,” ಎಂದರು. ನಾನು ಮಾತು ಮುಗಿಯುವ ಮೊದಲೇ ಫೋನ್ ಎತ್ತಿದೆ.

ಅವಳು ಖುಷಿಯಲ್ಲಿ ಅತ್ತುಬಿಡುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳು ಕೇಳಿದ್ದು ಸೋಫಾ. “ಬಂದವರನ್ನು ಎಷ್ಟು ಹೊತ್ತು ನಿಲ್ಲಿಸುದು? ಇರುದು ಎರಡು ಕುರ್ಚಿ, ಒಂದ್ರ ಕಾಲು ಅಲ್ಲಾಡ್ತದೆ. ಧನಿಗಳ ಕ್ಯಾಬಿನಿನಲ್ಲಿ ಉಂಟಲ್ಲ, ಅದೇ ಆಗ್ಬಹುದು.”

ಅದು ಧನಿಗಳು ಊಟದ ನಂತರ ‘ಲೆಕ್ಕ ನೋಡುವ’ ಸೋಫಾ, ಗೊರಕೆ ಹೊರಗೆ ನನ್ನ ಮೇಜಿನವರೆಗೂ ಕೇಳಿಸುತ್ತಿತ್ತು. ಅವರು ಸೋಫಾವನ್ನೂ ನನ್ನನ್ನೂ ನೋಡಿ, ಮೇಲಿದ್ದ ತಲೆದಿಂಬನ್ನು ಮಾತ್ರ ತೆಗೆದುಕೊಂಡರು. ಮರುದಿನ ಸೋಫಾವನ್ನು ಪಿಕಪ್‌ನಲ್ಲಿ ಹಾಕಿ ಕಡಬಕ್ಕೆ ಒಯ್ದೆವು. ಅಲ್ಲಿನ ಬಾಗಿಲಿಗೆ ಅದು ಹಿಡಿಸಲಿಲ್ಲ. ಕಾಲು ಕಳಚಿದರೂ ಇಲ್ಲ, ಓರೆ ಮಾಡಿದರೂ ಇಲ್ಲ. ಕೊನೆಗೆ ಮಾರ್ಗದ ಬದಿಯ ಜಗಲಿಯಲ್ಲೇ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ, ಕಾರು ನೋಡಲು ಬಂದಿದ್ದ ಅಜ್ಜನೊಬ್ಬರು ಕೊಡೆ ಪಕ್ಕಕ್ಕಿಟ್ಟು ಅದರ ಮೇಲೆ ಆರಾಮಾಗಿ ಕೂತರು.

“ಒಳ್ಳೆ ಮೆತ್ತಗೆ ಉಂಟು. ಕಾರಿನ ಸೀಟು ಹೀಗೇ ಇರ್ತದಾ?” ಎಂದು ಕೇಳಿದರು.

“ಕೂತು ನೋಡುವಾ ಬನ್ನಿ ಅಜ್ಜ,” ಎಂದು ಕಡಬದವಳು ಟೆಸ್ಟ್ ಡ್ರೈವಿನ ಕೀ ತೆಗೆದುಕೊಂಡಳು.