ಮುಸ್ಸಂಜೆಗೆ ತೆರೆಯುತ್ತಿದ್ದ ಅಂಗಡಿ

ಮಿರಜದ ಕಿಲ್ಲಾ ಭಾಗದಲ್ಲಿ ಶೀತಲಳ ಕೆಲಸ ಏನೆಂದು ಕೇಳಿದರೆ, ‘ಅಂಗಡಿಗೋಳ್ನ ಫೋನಿನ್ಯಾಗ ಇಡ್ತಾಳ’ ಎನ್ನುತ್ತಾರೆ. ಸಾಂಗ್ಲಿ ಪೇಟೆಯ ಅರಿಷಿಣದ ವ್ಯಾಪಾರಿಗಳು, ಪಾತ್ರೆಯವರು, ಸಿತಾರ ಮಾಡುವವರು, ಹೀಗೆ ಹಲವರ ವೆಬ್‌ಸೈಟುಗಳನ್ನು ಅವಳು ಮನೆಯಲ್ಲೇ ಕುಳಿತು ನೋಡಿಕೊಳ್ಳುತ್ತಾಳೆ. ಒಂದು ಕಾಲು ಮಗಳು ಋತುಜಾಳ ತೊಟ್ಟಿಲ ಹಗ್ಗದಲ್ಲಿ, ಎರಡೂ ಕೈ ಲ್ಯಾಪ್‌ಟಾಪಿನ ಮೇಲೆ.

ಅವಳದೊಂದು ರೂಢಿ ಇದೆ. ಸೈಟು ಬಂದ್ ಬಿದ್ದಿದೆ ಎಂದು ಯಾರಾದರೂ ಕೂಗಿಕೊಂಡರೆ ಒಮ್ಮೆಲೇ ನಂಬುವುದಿಲ್ಲ. ಮೊದಲು ತನ್ನ ಫೋನಿನಲ್ಲಿ ನೋಡುತ್ತಾಳೆ, ಆಮೇಲೆ ನೆರೆಮನೆಯ ಸುನಂದಾಬಾಯಿಯ ಫೋನಿನಲ್ಲಿ, ಆಮೇಲೆ ಪುಣೆಯಲ್ಲಿರುವ ತಂಗಿಗೆ ತೆರೆದು ನೋಡಲು ಹೇಳುತ್ತಾಳೆ. ಎಲ್ಲ ಕಡೆಯೂ ಬಂದ್ ಎಂದಾದರೆ ಮಾತ್ರ ಸರ್ವರ್ ಇಟ್ಟವರಿಗೆ ಫೋನು. ಎಷ್ಟೋ ಸಲ ತಪ್ಪು ದೂರಿದವರ ಫೋನಿನಲ್ಲೇ ಇರುತ್ತದೆ. ಪೇಟೆಯವರು ಅವಳ ಮಾತಿಗೆ ಬೆಲೆ ಕೊಡುವುದು ಇದಕ್ಕೇ.

ಆ ಮಳೆಗಾಲದಲ್ಲಿ ಸೋದರತ್ತೆಯಂತಿದ್ದ ಗುರುಶಾಂತವ್ವ ಫೋನು ಮಾಡಿದಾಗ ಮಾತ್ರ ಏನನ್ನು ನೋಡಬೇಕೆಂದೇ ಅವಳಿಗೆ ತಿಳಿಯಲಿಲ್ಲ.

“ಶೀತಲ, ನಮ್ಮವರ ಫೋನ್ ರಿಂಗ್ ಆಗಾಕತ್ತೈತಿ,” ಎಂದಳು ಮುದುಕಿ.

ಗುರುಶಾಂತವ್ವನ ಗಂಡ, ಸಾಂಗ್ಲಿ ಪೇಟೆಯ ಅರಿಷಿಣದ ವ್ಯಾಪಾರಿ ಅಪ್ಪಣ್ಣ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರ ಹಳೆಯ ಫೋನನ್ನು ಅವಳು ಕಪಾಟಿನಲ್ಲಿ, ಧೋತರಗಳ ನಡುವೆ ಇಟ್ಟಿದ್ದಳು. ಅದಕ್ಕೆ ಚಾರ್ಜು ಹಾಕುವುದನ್ನು ಮಾತ್ರ ಬಿಟ್ಟಿರಲಿಲ್ಲ. ಈಗ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕಪಾಟಿನೊಳಗಿಂದ ಸದ್ದು. ಎತ್ತಿದರೆ ಯಾರೋ ಊರಾಚೆಯವರು, ಅಪ್ಪಣ್ಣ ಸೇಠ್ ಇದ್ದಾರೆಯೇ, ಅಂಗಡಿ ತೆರೆದಿದೆಯಂತಲ್ಲ ಎಂದು ಕೇಳುತ್ತಾರೆ.

ಮರುದಿನ ಮುಸ್ಸಂಜೆ ಶೀತಲ ಅಪ್ಪಣ್ಣನ ಅಂಗಡಿಯ ಸೈಟು ತೆರೆದಳು. ತಾನೇ ಕಟ್ಟಿದ ಹೊಸ ಪುಟದ ಜಾಗದಲ್ಲಿ ಎಂದೋ ತೆಗೆದುಹಾಕಿದ್ದ ಹಳೆಯ ಪುಟ ಇತ್ತು. ಹಣೆತುಂಬ ವಿಭೂತಿ, ಮುಂದೆ ಅರಿಷಿಣದ ಚೀಲ, ಅಪ್ಪಣ್ಣ ನಗುತ್ತಿದ್ದಾರೆ. ಕೆಳಗೆ ‘ಬರ್ರಿ, ಕುಂದ್ರಿ, ಅಂಗಡಿ ನಿಮ್ಮದ’ ಎಂಬ ಅವರದೇ ಮಾತು, ಅವರದೇ ನಂಬರು. ಸುನಂದಾಬಾಯಿಯ ಫೋನಿನಲ್ಲೂ ಅದೇ ನಗು. ಪುಣೆಯ ತಂಗಿ ಚಿತ್ರ ತೆಗೆದು ಕಳಿಸಿ, ಇವರು ಹೋಗಿಬಿಟ್ಟಿದ್ದಾರಲ್ಲವೇನೇ ಎಂದು ಕೇಳಿದಳು. ಊಟದ ಹೊತ್ತಿಗೆ ಹೊಸ ಪುಟ ಮರಳಿ ಬಂದು, ಏನೂ ಆಗಿಲ್ಲವೆಂಬಂತೆ ಕುಳಿತಿತ್ತು.

ಅಪ್ಪಣ್ಣನ ಮಗ ಕಿಶೋರನಿಗೆ ಇದರಲ್ಲಿ ದೆವ್ವ ಕಾಣಲಿಲ್ಲ, ಕಳ್ಳ ಕಂಡ. ತನ್ನ ಫೋನಿನಲ್ಲಿ ಹಗಲಲ್ಲೂ ಹಳೆಯ ಪುಟವೇ ಬರುತ್ತದೆ ಎಂದು ಅವನು ದೂರಿದ. ಮುಂಬೈ ಪುಣೆಯ ಗಿರಾಕಿಗಳು ಕೆಲಸ ಮುಗಿಸಿ ಆರ್ಡರು ಹಾಕುವುದೇ ಸಂಜೆಗೆ, ಆ ಆರ್ಡರುಗಳೆಲ್ಲ ಎಲ್ಲಿಗೆ ಹೋಗುತ್ತಿವೆ? ಕುಪವಾಡದಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಸರ್ವರ್ ಇಟ್ಟುಕೊಂಡಿರುವ ಭರತೇಶನೇ ಅವನ್ನು ಬೇರೆಯವರಿಗೆ ಮಾರುತ್ತಿದ್ದಾನೆ ಎಂಬುದು ಅವನ ವಾದ. ಭರತೇಶನನ್ನು ಕೇಳಿದರೆ, ನಮ್ಮಲ್ಲಿ ಎಲ್ಲ ಸರಿ ಇದೆ ಎಂಬ ಒಂದೇ ಉತ್ತರ. ಪೇಟೆಯ ಅರ್ಧ ಅಂಗಡಿಗಳು ಅವನ ಸರ್ವರಿನಲ್ಲೇ ಇದ್ದವು. ಉಳಿದವರ ಪುಟಗಳು ಬರೀ ಹೆಸರು, ನಂಬರು ಬರೆದ ಬೋರ್ಡಿನಂಥವು, ಹಳೆಯದು ಬಂದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ವ್ಯಾಪಾರಿಗಳ ಗ್ರೂಪಿನ್ಯಾಗ ನೀ ಬರಿ, ವಹಿನಿ,” ಎಂದ ಕಿಶೋರ. “ಮೋಸಗಾರ ಅಂತ ಒಂದ ಶಬ್ದ ಸಾಕು. ನಾ ಬರದರ ಸಿಟ್ಟು ಅಂತಾರ. ನೀ ಬರದರ ನಂಬ್ತಾರ.”

ಆ ಒಂದು ಶಬ್ದ ಬಿದ್ದರೆ ಭರತೇಶನ ಶೆಡ್ಡಿಗೆ ಬೀಗವೇ. ಅದು ನಿಜವಾಗಿದ್ದರೆ ಬೀಳಲಿ, ಆದರೆ ಸುಳ್ಳಾಗಿದ್ದರೆ? ನೋಡಿ ಬರೆಯುತ್ತೇನೆ ಎಂದು ಶೀತಲ ಗಡುವು ಕೇಳಿಕೊಂಡಳು.

ದಿನವೂ ಮುಸ್ಸಂಜೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಪುಟ ನೋಡತೊಡಗಿದಳು. ಹೊಸ ಪುಟ ಮಂಕಾಗಿ ತಡವರಿಸುತ್ತದೆ, ಪರದೆ ಬಿಳಿಚಿಕೊಳ್ಳುತ್ತದೆ, ಆಮೇಲೆ ಅಪ್ಪಣ್ಣ. ಅವರು ಬಂದ ಹೊತ್ತನ್ನು ಅವಳು ಬರೆದಿಟ್ಟುಕೊಳ್ಳುತ್ತಿದ್ದಳು. ಒಂದು ದಿನ ಕೃಷ್ಣೆಯ ಕಡೆಯಿಂದ ಕಪ್ಪು ಮೋಡ ಕವಿದು, ಸಂಜೆಗೆ ಮೊದಲೇ ಕತ್ತಲಾಯಿತು. ಅಂದು ಅಪ್ಪಣ್ಣ ಬೇಗ ಬಂದರು.

ಯಂತ್ರಕ್ಕೆ ಗಡಿಯಾರ ಗೊತ್ತು, ಮೋಡ ಗೊತ್ತಿಲ್ಲ. ಆಕಾಶ ನೋಡಿ ಯಾರೋ ಇದನ್ನು ಮಾಡುತ್ತಿದ್ದಾರೆ.

ಮರುದಿನ ಮಗುವನ್ನು ಸುನಂದಾಬಾಯಿಯ ಬಳಿ ಬಿಟ್ಟು, ಹೊತ್ತು ಇಳಿಯುವಾಗ ಸ್ಕೂಟಿಯಲ್ಲಿ ಕುಪವಾಡಕ್ಕೆ ಹೋದಳು. ಭರತೇಶ ಇರಲಿಲ್ಲ, ಸಂಜೆ ಹೊತ್ತು ಸಾಂಗ್ಲಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾನೆ ಎಂದು ಎದುರುಮನೆಯವರು ಹೇಳಿದರು. ಶೆಡ್ಡಿನ ಬಾಗಿಲು ತೆರೆದೇ ಇತ್ತು. ಒಳಗೆ ದೀಪವಿಲ್ಲ. ಯಂತ್ರಗಳ ಹಸಿರು ಚುಕ್ಕೆಗಳು ಮಾತ್ರ ಕತ್ತಲಲ್ಲಿ ಮಿನುಗುತ್ತಿದ್ದವು. ಒಳಗಿನ ಗಾಳಿ ಜ್ವರ ಬಂದವರ ಉಸಿರಿನಂತೆ ಬಿಸಿಯಾಗಿತ್ತು. ಗೋಡೆಯ ದೊಡ್ಡ ಫ್ಯಾನು ನಿಂತಿತ್ತು. ಅದರ ರೆಕ್ಕೆಗಳ ನಡುವಿನಿಂದ ಮಳೆಹುಳಗಳು ಒಂದೊಂದಾಗಿ ಒಳಗೆ ತೇಲಿ ಬರುತ್ತಿದ್ದವು.

ಆ ಫ್ಯಾನಿನ ಕೆಳಗೆ ಬಿಳಿ ಸೀರೆಯ ಮುದುಕಿಯೊಬ್ಬಳು ಕಣ್ಣು ಮುಚ್ಚಿ ಕುಳಿತಿದ್ದಳು. ಹುಳಗಳು ಅವಳ ತೋಳ ಮೇಲೆ, ಸೆರಗಿನ ಮೇಲೆ ಹರಿದಾಡುತ್ತಿದ್ದವು. ಶೀತಲ ಎರಡು ಸಲ ‘ಬಾಯಿ’ ಎಂದು ಕರೆದಳು. ಅವಳು ಕಣ್ಣು ತೆರೆದು ನೋಡಿದಳೇ ಹೊರತು ಮಾತಾಡಲಿಲ್ಲ.

ಅಷ್ಟರಲ್ಲಿ ದೊಡ್ಡ ಯಂತ್ರವೊಂದು ನಿಟ್ಟುಸಿರಿನಂತೆ ಸದ್ದು ಮಾಡಿ ನಿಂತಿತು. ಅದರ ಚುಕ್ಕೆಗಳು ಆರಿದವು. ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಯಂತ್ರವೊಂದು ತಾನಾಗಿ ಗೊರಗುಟ್ಟಿ ಎದ್ದಿತು. ಶೀತಲಳ ಕೈಯಲ್ಲಿದ್ದ ಫೋನಿನಲ್ಲಿ ಅಪ್ಪಣ್ಣ ನಕ್ಕರು.

ಓಡಿಹೋಗಬೇಕೆನಿಸಿತು. ಆದರೂ ಕಾಲು ಊರಿ ನಿಂತಳು. ಕೊನೆಗೆ ಮುದುಕಿ ಜಪಸರ ಹಣೆಗೆ ಒತ್ತಿಕೊಂಡು ಎದ್ದು, ಫ್ಯಾನಿನ ಗುಂಡಿ ಒತ್ತಿ, ಮೌನ ಬಿಟ್ಟಳು. ಅವಳು ಭರತೇಶನ ತಾಯಿ ರತ್ನಾಬಾಯಿ, ಹುಳವನ್ನೂ ಕೊಲ್ಲಬಾರದೆಂಬ ಜೈನ ವ್ರತದವಳು.

“ಚಾತುರ್ಮಾಸ ನೋಡ ತಂಗಿ. ಹೊತ್ತ ಮುಣಗಿತಂದ್ರ ಹುಳ ಬರ್ತಾವ. ಫ್ಯಾನ್ ಹಂಗ ತಿರಗಿದ್ರ ಅಷ್ಟೂ ಕತ್ತರಿಸಿ ಬೀಳ್ತಾವ. ನನ್ನ ಜಪ ಮುಗಿಯೂತನಕ ಬಂದ್ ಮಾಡ್ತೇನಿ. ಅಷ್ಟರಾಗ ಅವು ಅಡಗ್ತಾವ.” ಶೆಡ್ಡಿನಲ್ಲಿ ಕಂಪ್ಯೂಟರಿಗೆ ಸೆಖೆಯಾಗುತ್ತದೆ ಎಂದು ಮಗ ಎಂದೂ ಹೇಳಿರಲಿಲ್ಲ. ಅವನಿಗೆ ಗೊತ್ತಾಗಬಾರದೆಂದು ಅವಳೇನೂ ಮುಚ್ಚಿಟ್ಟೂ ಇರಲಿಲ್ಲ. ಅವನು ಮನೆಗೆ ಬರುವ ಹೊತ್ತಿಗೆ ಫ್ಯಾನು ತಿರುಗುತ್ತಿರುತ್ತಿತ್ತು, ಎಲ್ಲ ಸರಿ ಇರುತ್ತಿತ್ತು.

ಕಾವೇರಿದ ಯಂತ್ರ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಂತುಬಿಡುತ್ತದೆ, ಆಸರೆಗೆಂದು ಇಟ್ಟು ಮರೆತ ಹಳೆಯದು ಏಳುತ್ತದೆ, ತನ್ನೊಳಗೆ ಉಳಿದ ಹಳೆಯ ಅಂಗಡಿಯನ್ನು ತೋರಿಸುತ್ತದೆ. ಶೀತಲ ಇದನ್ನು ವಿವರಿಸಿದಾಗ ರತ್ನಾಬಾಯಿ ಮೂಲೆಯ ಹಳೆಯ ಯಂತ್ರದತ್ತ ತಿರುಗಿ ನೋಡಿದಳು. “ಸತ್ತವರ್ನ ಎಬ್ಬಸ್ತಿದ್ನ್ಯಾ ನಾ?” ಎಂದಳು ಆಮೇಲೆ, ಮೆಲ್ಲಗೆ.

ಶೀತಲ ಮನೆಗೆ ಹೋಗಿ, ಋತುಜಾಳಿಗೆ ಚಿಕ್ಕದಾಗಿದ್ದ ತೊಟ್ಟಿಲ ಸೊಳ್ಳೆಪರದೆಯನ್ನು ಹುಡುಕಿ ತೆಗೆದಳು. ಮರುದಿನ ಭರತೇಶ ಅದನ್ನು ಎರಡು ಮಡಿಕೆ ಮಾಡಿ, ಕಬ್ಬಿಣದ ಚೌಕಟ್ಟಿಗೆ ಬಿಗಿದು, ಫ್ಯಾನಿನ ಹೊರಗೆ ಕೂರಿಸಿದ. ಶೆಡ್ಡಿನ ದೀಪ ಬೇಕಾದರೆ ಆರಿಸಲಿ, ಫ್ಯಾನು ತಿರುಗಲಿ ಎಂದು ತಾಯಿ ಮಗ ಒಪ್ಪಿದರು. ಹಳೆಯ ಯಂತ್ರದ ತಂತಿಯನ್ನು ಅವನೇ ಕಿತ್ತ.

ಆ ಮಧ್ಯಾಹ್ನ ಅವಳು ಗ್ರೂಪಿಗೆ ಬರೆಯಲು ಕುಳಿತಳು, ಕಿಶೋರ ಪಕ್ಕದಲ್ಲೇ ಇದ್ದ. ಬರೆದದ್ದು ಇಷ್ಟು: ಶೆಡ್ಡಿನ ಗಾಳಿ ನಿಂತು, ಕಾವೇರಿ ಯಂತ್ರ ನಿಂತುಬಿಡುತ್ತಿತ್ತು. ಮನೆಯವರಿಗೆ ಇದರ ಪರಿಣಾಮ ತಿಳಿದಿರಲಿಲ್ಲ. ಯಂತ್ರ ನಿಂತ ಹೊತ್ತು ಅದರಲ್ಲೇ ದಾಖಲಾಗುತ್ತಿದ್ದರೂ ಅದನ್ನು ತೆಗೆದು ನೋಡದೆ ‘ಎಲ್ಲ ಸರಿ’ ಎಂದದ್ದು ಭರತೇಶನ ತಪ್ಪು. ಹಳೆಯ ಪುಟ ಉಳಿಸಿದ್ದೂ ಅವನದೇ. ಆರ್ಡರುಗಳನ್ನು ಯಾರೂ ಕದ್ದಿಲ್ಲ, ಹಳೆಯ ಪುಟದಲ್ಲಿ ಆರ್ಡರು ಹಾಕಲು ದಾರಿಯೇ ಇರಲಿಲ್ಲ. ಕಿಶೋರನ ಫೋನಿನಲ್ಲಿ ಹಗಲಲ್ಲೂ ಹಳೆಯ ಪುಟ ಕಂಡದ್ದು ಅವನ ಫೋನು ಉಳಿಸಿಕೊಂಡಿದ್ದ ಪ್ರತಿ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಈಗ ಸರಿಯಾಗಿದೆ. ಮೋಸ ಎಂಬ ಶಬ್ದ ಎಲ್ಲೂ ಇರಲಿಲ್ಲ. ಕಿಶೋರ ಗೊಣಗಿದ, ಆದರೆ ಅಳಿಸು ಎನ್ನಲಿಲ್ಲ.

ಕಳಿಸುವ ಮೊದಲು ಗುರುಶಾಂತವ್ವನನ್ನು ಒಮ್ಮೆ ಕೇಳಿಕೊಳ್ಳೋಣವೆಂದು ಫೋನು ಮಾಡಿದಳು. ಯಾವ ಯಾವ ಸಂಜೆ ಕರೆ ಬಂತು ಎಂದು ಮುದುಕಿ ನೆನೆಯುತ್ತ ಹೋದಳು. ಒಂದು ಸಂಜೆ ಅಪ್ಪಣ್ಣನ ವರ್ಷದ ದಿನ.

ಶೀತಲಳ ಬೆರಳು ನಿಂತಿತು. ಆ ದಿನ ತಾನು ಮುನಿಗಳ ದರ್ಶನಕ್ಕೆ ಬಾಹುಬಲಿ ಕ್ಷೇತ್ರಕ್ಕೆ ಹೋಗಿದ್ದೆನೆಂದು ರತ್ನಾಬಾಯಿಯೇ ಹೇಳಿದ್ದಳು. ಫ್ಯಾನು ತಿರುಗಿತ್ತು, ಯಂತ್ರ ಒಂದು ಕ್ಷಣವೂ ನಿಂತಿರಲಿಲ್ಲ, ಹಳೆಯ ಪುಟ ಬಂದೇ ಇರಲಿಲ್ಲ. ಸರ್ವರಿನ ದಾಖಲೆಯನ್ನು ಶೀತಲಳೇ ತೆಗೆದು ನೋಡಿದ್ದಳು.

“ಅವತ್ತ ಯಾರ ಮಾತಾಡಿದ್ರರಿ?”

“ಯಾರೂ ಮಾತಾಡಲಿಲ್ಲ,” ಎಂದಳು ಗುರುಶಾಂತವ್ವ. “ತಕ್ಕಡಿ ಸಪ್ಪಳ ಅಷ್ಟ ಕೇಳಿಸ್ತು. ನಾನೂ ಸುಮ್ನ ಕುಂತೆ.”

ಅದನ್ನೂ ಭರತೇಶನ ತಲೆಗೆ ಕಟ್ಟು, ಅವನೇ ಏನೋ ಮಾಡಿರುತ್ತಾನೆ ಎಂದ ಕಿಶೋರ. ಅವನ ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ. ಹೊರಗೆ ಹೊತ್ತು ಇಳಿಯುತ್ತಿತ್ತು. ಶೀತಲ ಎದ್ದು ದೀಪ ಹಚ್ಚಿ ಬಂದಳು. ಬರೆದದ್ದರ ಕೊನೆಗೆ ಇನ್ನೊಂದು ಸಾಲು ಸೇರಿಸಿದಳು: ಒಂದು ಸಂಜೆಯ ಕರೆಗೆ ಕಾರಣ ಸಿಕ್ಕಿಲ್ಲ, ಅದಕ್ಕೆ ಸರ್ವರ್ ಕಾರಣವಲ್ಲ.

ಕಳಿಸಿ, ಫೋನನ್ನು ಮಗುಚಿಟ್ಟು, ಮಗುವನ್ನು ಎತ್ತಿಕೊಂಡಳು.