ಬೆರಳು ಮೆತ್ತಗಾಗುವವರೆಗೆ

ಮೊನ್ನೆ ಸೊಸೆ ನನ್ನ ಮೊಣಕಾಲಿಗೆಂದು ಹರಳೆಣ್ಣೆ ಬಿಸಿ ಮಾಡಿದಳು. ಆ ವಾಸನೆ ಮೂಗಿಗೆ ತಾಕಿತು. ಇಷ್ಟು ವರ್ಷಗಳ ಹಿಂದಿನ ಹೆದರಿಕೆ ಎಲ್ಲೋ ಒಳಗೆ ಹಾಗೇ, ಫ್ರೆಶ್ ಆಗಿ ಕೂತಿತ್ತು... ಸವಣೂರಿನ ನಮ್ಮ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದ ಗಣಿತದ ಸರ್, ಎಡಗೈ ಬೆರಳುಗಳನ್ನು ಬಿಸಿ ಹರಳೆಣ್ಣೆಯ ಬಟ್ಟಲಿನಲ್ಲಿ ಅದ್ದಿಕೊಂಡು ಸುಮ್ಮನೆ ಗೋಡೆ ನೋಡುತ್ತ ಕೂತಿರುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದು ಮುಗಿಸಿ ಬಂದು, ಗಂಡು ಗೊತ್ತಾಗುವವರೆಗೆ ಮನೆಯಲ್ಲಿದ್ದೆ. ಅಪ್ಪನದು ವೀಳ್ಯದೆಲೆ ವ್ಯಾಪಾರ. ಸರ್ ಮಾಸೂರಿನವರು. ಬಾಂಬೆಯಲ್ಲಿ ಕಾಲೇಜಿಗಿದ್ದಾಗ ನಾಲ್ವರು ಗೆಳೆಯರನ್ನು ಕೂಡಿಸಿ ಒಂದು ರಾಕ್ ಬ್ಯಾಂಡ್ ಕಟ್ಟಿದ್ದರು. ಗಿಟಾರ್ ಅವರದು, ಮೊದಮೊದಲ ಟ್ಯೂನುಗಳೂ ಅವರವೇ. ತಂದೆ ತೀರಿಕೊಂಡ ಮೇಲೆ ತಾಯಿ, ತಂಗಿಯ ಹೊಣೆ ಬಿದ್ದು ನಮ್ಮೂರ ಹೈಸ್ಕೂಲಿಗೆ ಮಾಸ್ತರಾಗಿ ಬಂದರು. ಬ್ಯಾಂಡ್ ಅಲ್ಲೇ ಉಳಿಯಿತು. ರೆಕಾರ್ಡಿಂಗ್ ಗೊತ್ತಾದ ದಿನ ನಿನ್ನನ್ನೇ ಕರೆಯುತ್ತೇವೆ ಎಂದು ಗೆಳೆಯರು ಮಾತು ಕೊಟ್ಟಿದ್ದರಂತೆ. ಆ ಮಾತಿನ ಮೇಲೆ ಅವರು ದಿನಾ ಪ್ರಾಕ್ಟೀಸ್ ಮಾಡುತ್ತಿದ್ದರು.

ಅವರದು ಮೂರು ನಿಮಿಷದ ಲವ್ ಸಾಂಗ್ ಅಲ್ಲ. ಪ್ರೋಗ್ರೆಸಿವ್ ರಾಕ್ ಎನ್ನುತ್ತಿದ್ದರು. ಒಂದೊಂದು ಹಾಡು ಅರ್ಧ ಮಧ್ಯಾಹ್ನ ನುಂಗುತ್ತಿತ್ತು, ನಡುನಡುವೆ ತಾಳವೇ ಬೇರೆಯಾಗುತ್ತಿತ್ತು. ಅವ್ವ ಕೆಳಗಿನಿಂದ ಕೂಗುತ್ತಿದ್ದಳು.

“ಮಾಸ್ತರ್ರ, ನಿಮ್ಮ ಹಾಡು ಮುಗಿಯೂದರಾಗ ನನ್ನ ಬ್ಯಾಳಿ ಬೆಂದು ನೀರಾತು ನೋಡ್ರಿ!”

“ಅವ್ವಾರ, ಭಜನಿಯವರು ಏಳರ ತಾಳ ಹಾಕಿದ್ರ ಕೈ ಮುಗೀತೀರಿ. ನಾ ಹಾಕಿದ್ರ ಬ್ಯಾಳಿ ನೆನಪಾಕ್ಕೈತೇನ್ರಿ?”

ನನಗೂ ಕಲಿಸಿದರು. ಅವ್ವ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತ ಕೂಡುವಳು, ನಾನು ಒಳಗೆ ತಂತಿ ಒತ್ತುತ್ತ ಅಳುತ್ತಿದ್ದೆ. “ಬೆರಳು ನೋಯೂದು ನಿಂತ ದಿನ ನೀ ಗಿಟಾರಿಸ್ಟ್, ತಂಗಿ” ಎನ್ನುತ್ತಿದ್ದರು ಸರ್. ತಿಂಗಳುಗಟ್ಟಲೆ ಕಲಿತ ಮೇಲೆ ನಿಜಕ್ಕೂ ನೋವು ನಿಂತಿತು. ಎಡಗೈ ಬೆರಳ ತುದಿಗಳು ಗಟ್ಟಿಯಾದವು. ಹೌ ಪ್ರೌಡ್ ಐ ವಾಸ್! ಸರ್ ಬೆರಳುಗಳಂತೂ ಹುಣಸೆ ಬೀಜದ ಹಾಗೆ.

ಆಗ ಕುಷ್ಠದ ತಪಾಸಣೆಯವರು ಸಾಲೆಗಳಿಗೆ ಬರುತ್ತಿದ್ದರು. ಆ ರೋಗದ ಹೆಸರನ್ನು ನಮ್ಮಲ್ಲಿ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ‘ದೊಡ್ಡ ರೋಗ’ ಎಂದು ದನಿ ತಗ್ಗಿಸುತ್ತಿದ್ದರು. ಚರ್ಮಕ್ಕೆ ಮುಟ್ಟಿದ್ದು ಗೊತ್ತಾಗದಿದ್ದರೆ ಅದೇ ಗುರುತು. ಸೂಜಿ ಕಂಡು ಮಕ್ಕಳು ಅಳತೊಡಗಿದಾಗ ಸರ್ ಧೈರ್ಯ ತುಂಬಲು ಮುಂದೆ ಹೋಗಿ, ಕಣ್ಣು ಮುಚ್ಚಿ, ತಮ್ಮ ಕೈ ಚಾಚಿದರು. ಯಾವಾಗಲೂ ಮುಂದೆ ಮಾಡುವ ಕೈ ಅದೇ, ಎಡಗೈ. ತಪಾಸಣೆಯವರು ಬೆರಳ ತುದಿಗೆ ಅರಳೆ ಸವರಿದರು. ಆಮೇಲೆ ಸೂಜಿ ಮೊನೆ ತಾಗಿಸಿದರು.

“ಗೊತ್ತಾತೇನ್ರಿ ಸರ?”

“ಇನ್ನೂ ಮುಟ್ಟೇ ಇಲ್ಲಲ್ರಿ” ಎಂದರಂತೆ ಸರ್, ಕಣ್ಣು ಮುಚ್ಚಿಕೊಂಡೇ.

ಇಡೀ ಕ್ಲಾಸು ನೋಡಿತ್ತು. ಸಂಜೆಯೊಳಗೆ ಇಡೀ ಸವಣೂರಿಗೆ ಗೊತ್ತಾಯಿತು.

ತಪಾಸಣೆಯವರು ಒಳ್ಳೆಯವರೇ. “ತಂತಿ ಒತ್ತಿ ಹಂಗಾಗಿರಬೇಕು. ಬಾರಿಸೂದು ಬಿಡ್ರಿ, ಚರ್ಮ ಮೆತ್ತಗಾಗ್ಲಿ. ಮುಂದಿನ ತಿಂಗಳ ಬಂದು ಮತ್ತ ನೋಡ್ತೇನಿ” ಎಂದು ಹೇಳಿ ಹೋದರು. ಅಲ್ಲಿಯವರೆಗೆ ಸಾಲೆಗೆ ಬರುವುದು ಬೇಡವೆಂದರು ಹೆಡ್‌ಮಾಸ್ತರು. ಕಿರಾಣಿ ಅಂಗಡಿಯವನು ಸರ್ ಸಾಮಾನನ್ನು ಕಟ್ಟೆಯ ಮೇಲಿಟ್ಟು ಒಳಗೆ ಸರಿಯತೊಡಗಿದ. ಅಪ್ಪ ಮಾಳಿಗೆಗೆ ಹೋಗಲಿಲ್ಲ, ಮೆಟ್ಟಿಲ ಬುಡದಲ್ಲೇ ನಿಂತು ಹೇಳಿದರು.

“ಮಾಸ್ತರ, ಮನ್ಯಾಗ ಮದುವಿಗೆ ಬಂದ ಮಗಳದಾಳ. ತಿಂಗಳೊಪ್ಪತ್ತು ನೋಡೋಣು... ಆಮ್ಯಾಲ ನೀವ ತಿಳಕೊಳ್ರಿ.”

ಮರುದಿನ ರೊಟ್ಟಿ ಸುಡುವಾಗ ಯಾರೂ ಇಲ್ಲದ್ದು ನೋಡಿ ನಾನು ಎಡಗೈ ಬೆರಳನ್ನು ಹಂಚಿನ ಅಂಚಿಗೆ ತಾಗಿಸಿದೆ. ಏನೂ ಅನಿಸಲಿಲ್ಲ. ಇನ್ನೂ ಒತ್ತಿದೆ... ಗಾಡ್, ಆ ಕ್ಷಣ! ನನ್ನನ್ನೂ ಊರ ಹೊರಗಿಡುತ್ತಾರೆ ಎಂದುಕೊಂಡೆ. ಅವ್ವ ನೋಡಿಬಿಟ್ಟಳು. ನನ್ನ ಬೆರಳು ತಿರುವಿ ತಿರುವಿ ನೋಡಿ, ತನ್ನ ಬಲಗೈಯಿಂದ ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಹಿಡಿದು ಮಗುಚಿದಳು.

“ನನಗೂ ಸುಡಂಗಿಲ್ಲ. ಹಂಗಾರ ನಾನೂ ಊರು ಬಿಡ್ಲೇನು?” ಎಂದಳು. ಆಮೇಲೆ ದನಿ ತಗ್ಗಿಸಿ, “ಯಾರಿಗೂ ಹೇಳಬ್ಯಾಡ, ನಿಮ್ಮಪ್ಪಗೂ” ಎಂದಳು. ಹರಳೆಣ್ಣೆ ಬಿಸಿ ಮಾಡಿ ಎರಡು ಬಟ್ಟಲಿಗೆ ಹಾಕಿದಳು. ಒಂದು ನನಗೆ, ಒಂದು ಮಾಳಿಗೆಗೆ.

ಆ ವಾರವೇ ಪೋಸ್ಟ್‌ಮನ್ ಓಡಿ ಬಂದ, ಬಾಂಬೆಯಿಂದ ಟ್ರಂಕ್ ಕಾಲ್. ರೆಕಾರ್ಡಿಂಗ್ ಗೊತ್ತಾಗಿತ್ತು. ಹದಿನೈದು ದಿನದಲ್ಲಿ ಸರ್ ಅಲ್ಲಿರಬೇಕು. ಫೋನಿನಲ್ಲಿ ಮಾತಾಡಿ ಪೋಸ್ಟ್ ಆಫೀಸಿನಿಂದ ಬಂದ ಸರ್ ಕಟ್ಟೆಯ ಮೇಲೆ ಕೂತರು. ಒಳಗೆ ಬರಲಿಲ್ಲ.

“ಹೋಗಿಬಿಡ್ರಿ ಸರ್” ಎಂದೆ. “ನಿಮಗೇನೂ ಆಗಿಲ್ಲ. ತಂತಿಯಿಂದ ಅಂತ ಅವರ ಹೇಳ್ಯಾರಲ್ಲ.”

“ಇರಬೇಕು ಅಂದಾರ, ತಂಗಿ. ಹೌದು ಅಂದಿಲ್ಲ.” ಬೆರಳುಗಳನ್ನೇ ನೋಡುತ್ತಿದ್ದರು. “ಈಗ ಓಡಿ ಹೋದ್ರ ರೋಗ ಐತಿ ಅಂತ ಓಡಿದ ಅಂತಾರ. ಮಾಸೂರಾಗ ನನ್ನ ತಂಗೀನ ಯಾರ ಮಾಡ್ಕೋತಾರ? ಮತ್ತ ಖರೇ ಹೇಳ್ತೇನಿ... ನನಗೂ ತಿಳೀವಲ್ದು. ಇದು ತಂತಿ ಮಾಡಿದ್ದೋ, ಅದು ಮಾಡಿದ್ದೋ? ಬಾರಿಸೂದು ಬಿಟ್ರಷ್ಟ ತಿಳೀತೈತಿ.”

ಅವರು ಹೋಗಲಿಲ್ಲ. ಮಾಳಿಗೆಯ ಮೇಲೆ ಸದ್ದೇ ಇಲ್ಲ. ಆ ಮೌನಕ್ಕೆ ನಾನು ಹೆದರಿದಷ್ಟು ಯಾವ ಸದ್ದಿಗೂ ಹೆದರಿಲ್ಲ. ನನ್ನ ಬೆರಳಿನ ಚರ್ಮ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಒಂದು ಮುಂಜಾನೆ ಹಂಚು ಚುರ್ರೆಂದು ಸುಟ್ಟಿತು. ಅವ್ವನೂ ನಾನೂ ತಬ್ಬಿಕೊಂಡು ಅತ್ತೆವು.

ತಪಾಸಣೆಯವರು ಮತ್ತೆ ಬಂದರು, ಈ ಸಲ ನಮ್ಮ ಮನೆಯ ಕಟ್ಟೆಗೇ. ಅಪ್ಪ, ಹೆಡ್‌ಮಾಸ್ತರು, ಅರ್ಧ ಓಣಿ ನಿಂತಿತ್ತು. ಅರಳೆ ತಾಗುತ್ತಲೇ ಸರ್ “ಹಾಂ” ಎಂದರು. ಎರಡನೇ ಬೆರಳಿಗೂ “ಹಾಂ”. ಸೂಜಿಗೆ “ಹಾ!” ಎಂದು ಕೈ ಎಳೆದುಕೊಂಡರು. ಒಂದು ಹನಿ ರಕ್ತ ಬಂತು. ಎಲ್ಲರೂ ನಕ್ಕೆವು. ಅಪ್ಪ ಫೇಡೆ ತರಿಸಿ, ತಾವೇ ಸರ್ ಬಾಯಿಗೆ ಇಟ್ಟರು. ಆ ಹೊತ್ತಿಗೆ ಬಾಂಬೆಯಲ್ಲಿ ಬೇರೆ ಯಾರೋ ಅವರ ಟ್ಯೂನುಗಳನ್ನು ಬಾರಿಸಿ ಮುಗಿಸಿದ್ದರು.

ನನ್ನ ಮದುವೆಯಾಗಿ ಹಾನಗಲ್ಲಿಗೆ ಬಂದೆ. ಎಂಬತ್ತರ ದಶಕದಲ್ಲಿ ಒಮ್ಮೆ ರಟ್ಟೀಹಳ್ಳಿಗೆ ಹೋದಾಗ, ಅಲ್ಲಿಗೆ ವರ್ಗವಾಗಿದ್ದ ಸರ್ ಮನೆಗೆ ಹೋಗಿದ್ದೆ. ತಂಗಿಯ ಮದುವೆ ಮಾಡಿದ್ದರು. ನನ್ನ ಒತ್ತಾಯಕ್ಕೆ ಗಿಟಾರ್ ಇಳಿಸಿದರು. ಏಳರ ತಾಳದ ಅದೇ ಹಳೆಯದು. ತುಸು ಹೊತ್ತು ಬಾರಿಸಿ ನಿಲ್ಲಿಸಿ, ಹೆಬ್ಬೆರಳ ಉಗುರಿನಿಂದ ಒಂದೊಂದೇ ಬೆರಳ ತುದಿಯನ್ನು ಒತ್ತಿ ನೋಡಿಕೊಂಡರು.

“ಗೊತ್ತಾಕ್ಕೈತಿ” ಎಂದರು, ನನಗಲ್ಲ. ಮತ್ತೆ ತುಸು ಬಾರಿಸಿದರು. ಮತ್ತೆ ಒತ್ತಿ ನೋಡಿಕೊಂಡರು. ಹಾಡು ಅರ್ಧಕ್ಕೇ ನಿಂತಿತು. ಬೆರಳು ಗಟ್ಟಿಯಾಗಲು ಅವರು ಮತ್ತೆಂದೂ ಬಿಡಲಿಲ್ಲವೆಂದು ಕಾಣುತ್ತದೆ...

ಅವರು ತೀರಿಕೊಂಡು ಬಹಳ ವರ್ಷವಾಯಿತು. ಹರಳೆಣ್ಣೆ ವಾಸನೆ ಬಂದ ರಾತ್ರಿ ನಿದ್ದೆ ಬರದೆ, ಮರುದಿನ ಮೊಮ್ಮಗಳಿಗೆ ಆ ಬ್ಯಾಂಡಿನ ಹೆಸರು ಹೇಳಿದೆ. ಫೋನಿನಲ್ಲಿ ಹುಡುಕಿ ಹಾಡು ಹಚ್ಚಿಕೊಟ್ಟಳು. ಪರದೆಯ ಮೇಲೆ ಬಾರಿಸಿದವರ ಹೆಸರುಗಳಿದ್ದವು, ಗಿಟಾರಿಗೆ ಬೇರೆಯವರದು. ಟ್ಯೂನ್ ನಮ್ಮ ಮಾಳಿಗೆಯದೇ. ಇದನ್ನು ಕಟ್ಟಿದವರು ಬೇರೆ, ಅವರ ಹೆಸರಿಲ್ಲ ಇದರಲ್ಲಿ ಎಂದೆ.

“ಯಾಕಜ್ಜಿ, ಅವರಿಗೆ ಏನಾಗಿತ್ತು?” ಎಂದು ಕೇಳಿದಳು.

“ಏನೂ ಆಗಿರಲಿಲ್ಲ” ಎಂದೆ.