ಲಿವರ್ ಆದವನಿಗೆ ಶಾಲು

ಲಿವರ್ ಎಲ್ಲರ ಹೊಟ್ಟೆಯಲ್ಲೂ ಇದೆ. ಆದರೆ ನಮ್ಮ ವಿಜಯಪುರದ ಕಡೆ ಅದು ಕೆಲವರಿಗಷ್ಟೇ 'ಆಗುತ್ತದೆ'. "ಅವಗ ಲಿವರ್ ಆಗೇತ್ರಿ" ಎಂದು ಯಾರಾದರೂ ದನಿ ತಗ್ಗಿಸಿ ಹೇಳಿದರೆ ಮುಂದೆ ಏನೂ ಕೇಳಬೇಕಾಗಿಲ್ಲ. ಕುಡಿದು ಹಾಳಾದವನು ಎಂದೇ ಅರ್ಥ. ಎದೆನೋವು ಬಂದವನಿಗೆ ಅಯ್ಯೋ ಪಾಪ ಅನ್ನುತ್ತಾರೆ, ಶುಗರ್ ಇದ್ದವನಿಗೆ ಸಕ್ಕರೆ ಇಲ್ಲದ ಚಹಾ ಕೊಡುತ್ತಾರೆ. ಲಿವರ್ ಆದವನಿಗೆ ಮಾತ್ರ ಬುದ್ಧಿ ಹೇಳುತ್ತಾರೆ. ಎರಡು ವರ್ಷದಿಂದ ನಾನು ಸಣ್ಣವರು ದೊಡ್ಡವರೆನ್ನದೆ ಎಲ್ಲರಿಂದ ಬುದ್ಧಿ ಹೇಳಿಸಿಕೊಳ್ಳುತ್ತಿದ್ದೇನೆ. ನಾನು ಹುಟ್ಟಿದಾಗಿನಿಂದ ಒಂದು ಹನಿ ನಾಲಿಗೆಗೆ ಮುಟ್ಟಿಸಿದವನಲ್ಲ.

ತಿಕೋಟಾದ ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ಮನೆ ವಿಜಯಪುರದಲ್ಲಿ, ದಿನಾ ಬಸ್ಸಿನ ಓಡಾಟ. ನಮ್ಮದು ಬೌದ್ಧರ ಮನೆ. ಅಪ್ಪ ದೀಕ್ಷೆ ತೆಗೆದುಕೊಂಡಾಗ ಪಂಚಶೀಲದ ಐದನೆಯದನ್ನು, ಅಂದರೆ ಅಮಲಿನ ಪದಾರ್ಥ ಮುಟ್ಟುವುದಿಲ್ಲ ಎನ್ನುವುದನ್ನು, ಉಳಿದ ನಾಲ್ಕಕ್ಕಿಂತ ಜೋರಾಗಿ ಹೇಳಿದನಂತೆ. ಹೇಳಿದಂತೆ ಬದುಕಿ ಸತ್ತ. ಆದರೂ ನನ್ನ ಕಾಯಿಲೆ ಸ್ಟಾಫ್ ರೂಮಿಗೆ ಗೊತ್ತಾದ ದಿನ ಒಬ್ಬರು ನನ್ನ ಹೆಗಲ ಮೇಲೆ ಕೈ ಇಟ್ಟು, "ನಿಮ್ಮ ಓಣ್ಯಾಗ ಇದು ಇದ್ದದ್ದ ಬಿಡ್ರಿ ಸರ್, ಇನ್ನ ಮುಂದರ ಬಿಟ್ಟುಬಿಡ್ರಿ" ಅಂದರು. ನಮ್ಮ ಓಣಿ ಅಂದರೆ ಯಾವುದು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಮೈ ಉರಿಯಿತು. ಉತ್ತರಪತ್ರಿಕೆಗಳ ಕಟ್ಟು ಎತ್ತಿಕೊಂಡು ಕ್ಲಾಸಿಗೆ ಹೋದೆ.

ಡಾಕ್ಟರು ಹೇಳಿದ್ದು ಬೇರೆ. ನನ್ನ ರಕ್ತದಲ್ಲಿ ಕಾಮಾಲೆಯ ಒಂದು ಜಾತಿಯ ವೈರಸ್ಸು ಇದೆ, ಬಹುಶಃ ಹುಟ್ಟುವಾಗಲೇ ತಾಯಿಯಿಂದ ಬಂದದ್ದು, ನಲವತ್ತು ವರ್ಷ ಸದ್ದಿಲ್ಲದೆ ಕೂತು ಲಿವರನ್ನು ಗಟ್ಟಿ ಮಾಡಿದೆ ಎಂದರು. ದಿನಾ ಒಂದು ಗುಳಿಗೆ, ಉಪ್ಪು ಕಡಿಮೆ, ನಿಧಾನ ನಡಿಗೆ, ಹಗುರಾದ ಯೋಗ. ಉಸಿರು ಬಿಗಿಹಿಡಿಯಬಾರದು, ಹೊಟ್ಟೆಯ ಮೇಲೆ ಒತ್ತಡ ಬೀಳಬಾರದು. ಕೊನೆಗೆ ಪೆನ್ನಿನಿಂದ ಮೇಜು ತಟ್ಟುತ್ತ ಅಂದರು: "ಒಡಹುಟ್ಟಿದವ್ರು ಯಾರರ ಇದ್ರ ಲಗೂನ ಕರಕೊಂಡ ಬರ್ರಿ. ಅವ್ರ ರಕ್ತಾನೂ ನೋಡಬೇಕು. ಇದು ತ್ರಾಸ ಕೊಡೂತನಕಾ ಗೊತ್ತ ಆಗೂದಿಲ್ಲ."

ನನಗೆ ಇರುವುದು ಒಬ್ಬಳೇ ಅಕ್ಕ, ಬಬಲೇಶ್ವರದಲ್ಲಿ. ಅವ್ವ ಬೇಗ ತೀರಿಕೊಂಡಳು. ಅಕ್ಕ ಐದನೆಯ ಇಯತ್ತೆಗೆ ಶಾಲೆ ಬಿಟ್ಟು, ನಿಡೋಣಿಯ ಹೊಲಗಳಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದಳು. ಅವಳ ಗಂಡ ಟ್ರಕ್ಕಿನ ಡ್ರೈವರ್. ಕುಡಿದೇ ಸತ್ತ. ಹೊಟ್ಟೆ ಊದಿಸಿಕೊಂಡು, ರಕ್ತ ಕಾರಿಕೊಂಡು, ಅವಳ ತೊಡೆಯ ಮೇಲೆಯೇ ಸತ್ತ. ಹಾಗಾಗಿ ಲಿವರ್ ಎಂಬ ಪದಕ್ಕೆ ಅವಳ ಮನೆಯಲ್ಲಿ ಒಂದೇ ಮುಖ ಇತ್ತು.

ಆ ಭಾನುವಾರವೇ ಹೋದೆ. ರಿಪೋರ್ಟಿನ ಫೈಲು ಕೈಯಲ್ಲಿತ್ತು. ಅವಳು ರೊಟ್ಟಿ ಬಡಿಯುತ್ತಿದ್ದಳು. ಹೇಳಿದ್ದನ್ನೆಲ್ಲ ಕೇಳಿ ಕೈ ನಿಲ್ಲಿಸಿದಳು.

"ಕುಡದಿ ಏನೋ ತಮ್ಮಾ?"

"ಇಲ್ಲ ಬೇ ಅಕ್ಕಾ. ಇದು ಅವ್ವನಿಂದ ಬಂದೈತಂತ. ನಿನಗೂ ಇರಬಹುದಂತ. ಒಮ್ಮಿ ರಕ್ತ ತಗಿಸಿಬಿಡೂಣು ಬಾ."

"ಸತ್ತ ಅವ್ವನ ಮ್ಯಾಲ ಹಾಕತೀ? ನಿಮ್ಮ ಮಾಮಾನೂ ಹಿಂಗ ಅಂತಿದ್ದ. ನೀರ ಬದಲಾತು, ಗಾಡಿ ಹೊಗಿ ಕುಡದ್ನಿ, ಅದಕ ಹೊಟ್ಟಿ ಬಂತು ಅಂತಿದ್ದ. ಎಲ್ಲಾ ಕೇಳೇನಿ ನಾ."

ಫೈಲು ಬಿಚ್ಚಿ ತೋರಿಸಿದೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಬಂದಿದ್ದರೂ ಅದರಲ್ಲಿ ನಾನು ಕುಡಿದಿಲ್ಲ ಎಂದು ಎಲ್ಲಿಯೂ ಬರೆದಿರಲಿಲ್ಲ. ಅವಳು ಫೈಲು ಪಕ್ಕಕ್ಕೆ ಸರಿಸಿ ಊಟಕ್ಕೆ ಹಾಕಿದಳು. ಆದರೂ ನಾನು ಆಸೆ ಬಿಡಲಿಲ್ಲ. ಇವತ್ತಲ್ಲ ನಾಳೆ ನಂಬಿಸುತ್ತೇನೆ, ದವಾಖಾನೆಗೆ ಕರೆತರುತ್ತೇನೆ ಅಂದುಕೊಂಡೆ.

ಯೋಗಕ್ಕೆಂದು ಕೋಟೆ ಗೋಡೆಯ ಮಗ್ಗುಲಿನ ಬಯಲಿಗೆ ಹೋಗತೊಡಗಿದೆ. ಅಲ್ಲಿ ಬೆಳಿಗ್ಗೆ ಐವತ್ತು ಅರವತ್ತು ಜನ ಚಾಪೆ ಹಾಸಿ ಕೂತಿರುತ್ತಿದ್ದರು. ಕಲಿಸುವವರು ನಿವೃತ್ತರಾದ ಒಬ್ಬ ಹಿರಿಯರು, ಒಳ್ಳೆಯ ಮನಸ್ಸು, ಅದಕ್ಕಿಂತ ದೊಡ್ಡ ದನಿ. ಮೊದಲ ದಿನವೇ ನಾನು ಹತ್ತಿರ ಹೋಗಿ, ನನಗೆ ಲಿವರಿನ ತೊಂದರೆ ಇದೆ, ಕಪಾಲಭಾತಿ ಮಾಡುವಂತಿಲ್ಲ, ಹೊಟ್ಟೆ ಒಳಗೆ ಎಳೆಯುವಂತಿಲ್ಲ ಎಂದೆ. ಅವರು ಪೂರ್ತಿ ಕೇಳಲಿಲ್ಲ. "ತಿಳೀತ್ರಿ, ತಿಳೀತು. ಬಂದೀರಲ್ಲ, ಅದ ದೊಡ್ಡದು. ಹಿಂದಿಂದು ಯಾರೂ ಕೇಳಂಗಿಲ್ಲ ಇಲ್ಲಿ" ಅಂದರು. ಹಿಂದಿನದು ಏನು ಎಂದು ನನಗೆ ಆಗ ಹೊಳೆಯಲಿಲ್ಲ.

ಹಿಂದಿನ ಸಾಲಿನಲ್ಲಿ ನನ್ನ ಪಾಡಿಗೆ ನಾನು ಮಾಡುತ್ತಿದ್ದೆ. ತಾಡಾಸನ, ಕುತ್ತಿಗೆ ಮತ್ತು ಭುಜ ತಿರುಗಿಸುವುದು, ಮಂಡಿ ಊರಿ ಬೆಕ್ಕಿನ ಹಾಗೆ ಬೆನ್ನು ಏರಿಸಿ ಇಳಿಸುವುದು, ನಿಧಾನ ಉಸಿರು, ಶವಾಸನ. ಬಾಕಿಯವರೆಲ್ಲ ಫುಸ್ ಫುಸ್ ಎಂದು ಹೊಟ್ಟೆ ಕುಣಿಸುವಾಗ ನಾನು ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಇದ್ದದ್ದು ಇದ್ದ ಹಾಗೆ ಹೇಳಬೇಕು: ಎರಡು ತಿಂಗಳಲ್ಲಿ ಬೆಳಗಿನ ಜಾವದ ಮೀನಖಂಡದ ಸೆಳೆತ ಕಡಿಮೆಯಾಯಿತು, ಎರಡು ಪಿರಿಯಡ್ ನಿಂತು ಪಾಠ ಮಾಡುವ ತ್ರಾಣ ಬಂತು, ನಿದ್ದೆ ಹತ್ತಿತು. ಅಷ್ಟೇ. ಲಿವರ್ ಇದ್ದಲ್ಲೇ ಇತ್ತು, ಅದನ್ನು ನೋಡಿಕೊಂಡದ್ದು ಗುಳಿಗೆ. ಯೋಗದಿಂದ ಲಿವರ್ ಹೊಸದಾಗುತ್ತದೆ ಎಂದು ವಾಟ್ಸ್ಯಾಪಿನಲ್ಲಿ ಕಳಿಸುವವರ ಕಪಾಳಕ್ಕೆ ಒಂದು ಬಿಡಬೇಕು ಅನಿಸುತ್ತದೆ.

ಯೋಗ ದಿನಾಚರಣೆ ಬಂತು. ಬಯಲಿನಲ್ಲಿ ಪೆಂಡಾಲು, ಸ್ಟೇಜು, ಮೈಕು. ನನ್ನನ್ನೂ ಮೇಲೆ ಕರೆದರು. ದಿನಾ ತಪ್ಪದೆ ಬರುತ್ತೇನೆಂದು ಕರೆದಿರಬೇಕು ಎಂದುಕೊಂಡು ಹೋದೆ. ಗುರುಗಳು ಮೈಕ್ ಹಿಡಿದು, "ಈ ಮಾಸ್ತರಗ ಲಿವರ್ ಆಗಿತ್ತು. ಚಟಾ ಬಿಟ್ಟರು, ಯೋಗ ಹಿಡದರು. ಇವತ್ತ ಹೆಂಗ ನಿಂತಾರ ನೋಡ್ರಿ. ಇವರಂಗ ಧೈರ್ಯಾ ಮಾಡ್ರಿ. ಜೋರ ಚಪ್ಪಾಳಿ ಹೊಡೀರಿ" ಅಂದರು. ಹೆಗಲಿಗೆ ಶಾಲು ಬಿತ್ತು, ಕೊರಳಿಗೆ ಹಾರ, ಕೈಗೆ ತೆಂಗಿನಕಾಯಿ. ನಂತರ ಮೈಕನ್ನು ನನ್ನ ಬಾಯಿಗೆ ಹಿಡಿದರು.

ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಕುಡಿದವನಲ್ಲ, ಇದು ಬೇರೆ ಕಾಯಿಲೆ, ಅಷ್ಟೇ. ಆದರೆ ನಮ್ಮಲ್ಲಿ ಶಾಲು ಹೊದಿಸಿದ ಕೈಯನ್ನು ಮಂದಿಯ ಮುಂದೆ ತಳ್ಳುವುದಿಲ್ಲ. ಸನ್ಮಾನ ಮಾಡಿದವರಿಗೆ ಮುಖಭಂಗವಾದೀತು ಎಂದು ಸುಳ್ಳನ್ನೂ ಮೈಮೇಲೆ ಹೊದ್ದು ನಿಲ್ಲುತ್ತೇವೆ. ನಾನೂ ಹಾಗೇ ನಿಂತೆ. "ಎಲ್ಲಾರಿಗೂ ನಮಸ್ಕಾರ" ಅಂದು ಇಳಿದು ಬಂದೆ. ಮಕ್ಕಳಿಗೆ ತಪ್ಪು ಲೆಕ್ಕಕ್ಕೆ ತಪ್ಪು ಎಂದು ಬರೆಯುವ ಮಾಸ್ತರ ನಾನು.

ಯಾರೋ ಅದನ್ನು ವಿಡಿಯೋ ಮಾಡಿದ್ದರು. ಸಂಜೆಯ ಹೊತ್ತಿಗೆ ಬಬಲೇಶ್ವರದಲ್ಲಿ ಅಕ್ಕನ ಪಕ್ಕದ ಮನೆಯವರ ಮೊಬೈಲಿಗೆ ಹೋಗಿತ್ತು. ಫೋನು ಬಂತು.

"ಶಾಲು ಹೊಚ್ಚಿಸ್ಕೊಂಡಿ. ಛಲೋ ಆತು. ಮಂದಿ ಮುಂದ ಖರೇ ಒಪ್ಕೊಂಡಿ, ನನ್ನ ಮುಂದಷ್ಟ ಸುಳ್ಳ ಹೇಳಿದಿ?"

"ಅಕ್ಕಾ, ಅವರ ತಪ್ಪ ತಿಳಕೊಂಡಾರ."

"ತಪ್ಪ ತಿಳಕೊಂಡಿದ್ರ ನಿನ್ನ ಬಾಯಾಗ ಏನ ಇತ್ತು? ಒಂದ ಮಾತ ಅನ್ನಾಕ ಆಗಲಿಲ್ಲೇನು?"

ನನ್ನದು ಹೋಗಲಿ, ನೀನು ಒಮ್ಮೆ ರಕ್ತ ತೋರಿಸು ಎಂದು ಅಂಗಲಾಚಿದೆ.

"ನಾ ಏನ ಕುಡದೇನೇನು ಲಿವರ್ ಡಾಕ್ಟರ ಕಡೆ ಬರಾಕ? ಗಂಡ ಕಳದ ಮರ್ಯಾದಿ ಸಾಕಾಗಿಲ್ಲೇನು ನನಗ? ಇನ್ನ ಫೋನ ಮಾಡಬ್ಯಾಡ ಲೇ."

ಆಗ ನನಗೂ ಸಿಟ್ಟು ಬಂತು. ಓದಿಸಿದ ಅಕ್ಕನೇ ನಂಬದಿದ್ದರೆ ಯಾರ ಮುಂದೆ ಬಾಯಿ ಬಡಿದುಕೊಳ್ಳಲಿ ಎಂದು ಹಟ ಹಿಡಿದೆ. ಒಂದು ವರ್ಷ ಬಬಲೇಶ್ವರದ ಬಸ್ಸು ಹತ್ತಲಿಲ್ಲ. ಬಯಲಿಗೂ ಹೋಗಲಿಲ್ಲ, ಮನೆಯ ಮಾಳಿಗೆಯ ಮೇಲೆ ಒಬ್ಬನೇ ಮಾಡುತ್ತಿದ್ದೆ. ಶವಾಸನದಲ್ಲಿ ಮೈಯನ್ನೆಲ್ಲ ಸಡಿಲ ಬಿಡಬೇಕು, ಮನಸ್ಸಿನಲ್ಲಿ ಯಾರ ಮೇಲೂ ಏನೂ ಇಟ್ಟುಕೊಳ್ಳಬಾರದು ಎಂದು ಕಲಿಸಿದ್ದರು. ನಾನು ಅಂಗಾತ ಮಲಗಿ, ಅವಳಿಗೂ ಒಮ್ಮೆ ಬರಲಿ, ಆಗ ಗೊತ್ತಾಗುತ್ತದೆ, ಅಂದುಕೊಳ್ಳುತ್ತಿದ್ದೆ. ಒಂದು ದಿನವಲ್ಲ, ಎಷ್ಟೋ ದಿನ ಅಂದುಕೊಂಡಿದ್ದೇನೆ. ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ನಿಜ.

ಈ ಬೇಸಿಗೆಯಲ್ಲಿ ಅವಳ ಪಕ್ಕದ ಮನೆಯಾಕೆ ಫೋನು ಮಾಡಿದಳು. "ಲಗೂನ ಬರ್ರಿ ಮಾಸ್ತರ್ರ. ಅಕ್ಕಾರ ಕಣ್ಣ ಹಳದಿ ಆಗ್ಯಾವ, ಕಾಲ ಬಾತಾವ. ಮೂರ ವಾರ ನಾಟಿ ಔಷಧ ಕುಡದ್ರೂ ಇಳಿವಲ್ದು." ಕಾರು ಮಾಡಿಕೊಂಡು ಓಡಿದೆ. ಅಕ್ಕ ಹಾಸಿಗೆಯಿಂದ ಏಳಲು ನನ್ನ ಕೈ ಹಿಡಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ವಿಜಯಪುರಕ್ಕೆ ತಂದು ರಕ್ತ ತೆಗೆಸಿದೆ. ಅದೇ ವೈರಸ್ಸು. ನನ್ನದಕ್ಕಿಂತ ಬಹಳ ಮುಂದೆ ಹೋಗಿದೆ ಎಂದರು ಡಾಕ್ಟರು. ವರ್ಷದ ಹಿಂದೆ ಗುಳಿಗೆ ಶುರುವಾಗಿದ್ದರೆ ಲೆಕ್ಕ ಬೇರೆ ಇರುತ್ತಿತ್ತು ಎಂದೂ ಅಂದರು. ನನ್ನ ಮುಖ ನೋಡಿ ಭರ್ತಿಯ ಚೀಟಿ ಬರೆದುಕೊಟ್ಟರು.

ಭರ್ತಿ ಮಾಡಿಕೊಳ್ಳುವ ಕೋಣೆಯಲ್ಲಿ ನರ್ಸು ಫಾರಮ್ಮು ತುಂಬುತ್ತಿದ್ದಳು. ಅಕ್ಕ ಗಾಲಿ ಕುರ್ಚಿಯಲ್ಲಿ, ನಾನು ಅವಳ ಹಿಂದೆ. ವಯಸ್ಸು, ಊರು, ಗಂಡ ಇದ್ದಾರೋ ಇಲ್ಲವೋ ಎಲ್ಲ ಆಯಿತು. ತಲೆ ಎತ್ತದೆ ನರ್ಸು ಕೇಳಿದಳು: "ಎಷ್ಟ ವರ್ಷಾತ್ರಿ ಕುಡ್ಯಾಕ ಹತ್ತಿ?"

ಅಕ್ಕ ಗಕ್ಕನೆ ತಿರುಗಿ ನನ್ನನ್ನು ನೋಡಿದಳು. ಹಳದಿ ಕಣ್ಣು ತುಂಬಿ ಬಂದವು.

"ಇಲ್ರೀ ಸಿಸ್ಟರ" ಅಂದಳು. "ನಮ್ಮ ತವರಮನ್ಯಾಗ ಯಾರೂ ಮುಟ್ಟಿದವ್ರಲ್ಲ. ನಮ್ಮಪ್ಪ ಮುಟ್ಟಿಲ್ಲ, ನಾ ಮುಟ್ಟಿಲ್ಲ." ಉಸಿರು ಸಾಲದೆ ಸ್ವಲ್ಪ ತಡೆದಳು. "ನನ್ನ ತಮ್ಮನೂ ಮುಟ್ಟಿಲ್ಲ. ಅದನ್ನೂ ಬರಕೋರಿ."

"ನಿಮ್ಮದಷ್ಟ ಹೇಳ್ರಿ ಯವ್ವಾ" ಅಂದಳು ನರ್ಸು. "ಅದನ್ನ ಬರಿಯಾಕ ಇದರಾಗ ಜಾಗಾ ಇಲ್ಲ."